ಹಿಪೊಕ್ಯಾಂಪಸ್ ಕತ್ತರಿಸಿದ ಮೇಲೂ ಬಾಲ್ಯದ ನೆನಪು ಉಳಿದದ್ದು ಹೇಗೆ?

ತುಂಗಾತೀರ (ಪ್ರಶ್ನೆ)

ನಾನು ಪದವಿಪೂರ್ವ ಕಾಲೇಜೊಂದರಲ್ಲಿ ಮನಶ್ಶಾಸ್ತ್ರ ಬೋಧಿಸುತ್ತೇನೆ. ನೆನಪಿನ ಅಧ್ಯಾಯ ಬಂದಾಗ ಅಟ್ಕಿನ್ಸನ್ ಮತ್ತು ಶಿಫ್ರಿನ್ 1968ರಲ್ಲಿ ಮುಂದಿಟ್ಟ ಮಾದರಿಯನ್ನು ಎಲ್ಲರಂತೆ ನಾನೂ ಹಲಗೆಯ ಮೇಲೆ ಮೂರು ಚೌಕಗಳಾಗಿ ಬರೆಯುತ್ತೇನೆ. ಇಂದ್ರಿಯಗಳಿಂದ ಬಂದದ್ದು ಕ್ಷಣಕಾಲ ನಿಲ್ಲುವುದು ಮೊದಲ ಚೌಕ. ಅದರಲ್ಲಿ ಗಮನಕ್ಕೆ ಬಿದ್ದದ್ದು ಸೇರುವುದು ಅಲ್ಪಾವಧಿ ನೆನಪಿನ ಚೌಕ. ಮನನ ಮಾಡಿದ್ದು ಅಲ್ಲಿಂದ ಮುಂದೆ ಸಾಗಿ ದೀರ್ಘಾವಧಿ ನೆನಪಿನ ಚೌಕವನ್ನು ಸೇರುತ್ತದೆ. ಇದಾದ ಮೇಲೆ ಉದಾಹರಣೆಗೆಂದು ಹೆನ್ರಿ ಮೊಲೈಸನ್ ಅವರ ಕಥೆ ಹೇಳುತ್ತೇನೆ. ಬದುಕಿರುವವರೆಗೂ ವೈದ್ಯಕೀಯ ಬರಹಗಳಲ್ಲಿ ಎಚ್.ಎಂ. ಎಂದಷ್ಟೇ ಕರೆಸಿಕೊಂಡ ಈ ಅಮೆರಿಕನ್ನರಿಗೆ ಔಷಧಕ್ಕೆ ಬಗ್ಗದ ಮೂರ್ಛೆರೋಗವಿತ್ತು. ಅದನ್ನು ಹತೋಟಿಗೆ ತರಲೆಂದು 1953ರಲ್ಲಿ, ಅವರ 27ನೆಯ ವಯಸ್ಸಿನಲ್ಲಿ, ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫರ್ಡ್‌ನಲ್ಲಿ ವಿಲಿಯಂ ಸ್ಕೋವಿಲ್ ಎಂಬ ಶಸ್ತ್ರವೈದ್ಯರು ಮಿದುಳಿನ ಎರಡೂ ಬದಿಯ ಟೆಂಪೊರಲ್ ಹಾಲೆಗಳ (ಕಿವಿಯ ಬಳಿಯ ಮಿದುಳಿನ ಭಾಗಗಳ) ಒಳಭಾಗವನ್ನು, ಅಲ್ಲಿರುವ ಹಿಪೊಕ್ಯಾಂಪಸ್ ಎಂಬ ರಚನೆಯ ಸಮೇತ ತೆಗೆದರು. ಅಲ್ಲಿಂದ 2008ರಲ್ಲಿ ತೀರಿಕೊಳ್ಳುವವರೆಗೆ ಅವರಲ್ಲಿ ಹೊಸ ಘಟನೆಯ ನೆನಪು ನಿಲ್ಲಲೇ ಇಲ್ಲ. ಆದರೆ ಮಾತಿಗೆ ಕುಳಿತರೆ ಮಾತಿನ ಎಳೆ ತಪ್ಪುತ್ತಿರಲಿಲ್ಲ, ಹೇಳಿದ ಆರು ಅಂಕಿಗಳನ್ನು ಹಿಂದಿರುಗಿ ಹೇಳುತ್ತಿದ್ದರು, ಬಾಲ್ಯದ ಸಂಗತಿಗಳೂ ನೆನಪಿದ್ದವು.

ಈ ಸಲ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತು ಕೇಳಿದ್ದಿಷ್ಟು: ಹಿಪೊಕ್ಯಾಂಪಸ್ಸೇ ದೀರ್ಘಾವಧಿ ನೆನಪಿನ ಉಗ್ರಾಣವಾಗಿದ್ದರೆ ಅದನ್ನು ತೆಗೆದಾಗ ಬಾಲ್ಯವೂ ಹೋಗಬೇಕಿತ್ತು, ಅದು ಬರೀ ಬಾಗಿಲಾಗಿದ್ದರೆ ಉಗ್ರಾಣ ಎಲ್ಲಿದೆ, ಮತ್ತು ಆ ಬಾಗಿಲನ್ನು ದಾಟಿ ಹೋಗುವ ವಸ್ತುವಾದರೂ ಯಾವುದು? ವಿದ್ಯುತ್ ಸಂಕೇತವೋ, ರಾಸಾಯನಿಕವೋ, ಇನ್ನೇನೋ? ನೆನಪು ಎರಡನೆಯ ಚೌಕದಿಂದ ಮೂರನೆಯದಕ್ಕೆ ದಾಟುವ ಗಳಿಗೆಯಲ್ಲಿ ಮಿದುಳಿನೊಳಗೆ ನಿಜವಾಗಿ ಬದಲಾಗುವುದು ಏನು ಎಂಬುದನ್ನು ಬಲ್ಲವರು ವಿವರಿಸಬೇಕೆಂದು ಕೋರುತ್ತೇನೆ. ಜೀವಶಾಸ್ತ್ರದ ವಿವರ ಬಂದರೂ ಅಡ್ಡಿಯಿಲ್ಲ.

ನರತಂತು

ನಿಮ್ಮ ವಿದ್ಯಾರ್ಥಿನಿಯ ಪ್ರಶ್ನೆ ಬಹಳ ಸರಿಯಾದ ಜಾಗಕ್ಕೇ ತಾಗಿದೆ. ಆ ಮೂರು ಚೌಕಗಳ ನಡುವಿನ ಬಾಣಗಳನ್ನು ನೋಡಿದವರಿಗೆ ಒಂದು ವಸ್ತು ಒಂದು ಕಡೆಯಿಂದ ಎದ್ದು ಇನ್ನೊಂದು ಕಡೆಗೆ ಹೋಗುತ್ತದೆ ಎಂದೇ ಅನಿಸುತ್ತದೆ. ನಾನು ನರವಿಜ್ಞಾನದ ಸಂಶೋಧನಾ ವಿದ್ಯಾರ್ಥಿ. ನಮ್ಮ ಕ್ಷೇತ್ರದಲ್ಲಿ ಈ ಸಾಗಣೆಯ ಚಿತ್ರವನ್ನು ಈಗ ಯಾರೂ ಅಕ್ಷರಶಃ ಒಪ್ಪುವುದಿಲ್ಲ. ಅಲ್ಪಾವಧಿಯ ನೆನಪು ನರಕೋಶಗಳ ಚಟುವಟಿಕೆಯ ಒಂದು ಸ್ಥಿತಿ. ದೀರ್ಘಾವಧಿಯ ನೆನಪು ಅದೇ ನರಕೋಶಗಳ ನಡುವಿನ ಸಂಪರ್ಕಗಳ ರಚನೆಯಲ್ಲಾದ ಬದಲಾವಣೆ. ಮೊದಲನೆಯದು ಎರಡನೆಯದಕ್ಕೆ ಕಾರಣವಾಗಬಹುದು, ಆದರೆ ಅಲ್ಲಿಂದ ಇಲ್ಲಿಗೆ ಯಾವ ವಸ್ತುವೂ ಪ್ರಯಾಣ ಮಾಡುವುದಿಲ್ಲ.

ಮುಂದೆ ಹೋಗುವ ಮೊದಲು ಒಂದು ಎಚ್ಚರಿಕೆ ಅಗತ್ಯ. ಮನಶ್ಶಾಸ್ತ್ರಜ್ಞರು ಅಲ್ಪಾವಧಿ ಎಂದಾಗ ಸೆಕೆಂಡುಗಳ ಲೆಕ್ಕದಲ್ಲಿ ಮಾತನಾಡುತ್ತಾರೆ. ಪೀಟರ್ಸನ್ ದಂಪತಿ 1959ರಲ್ಲಿ ತೋರಿಸಿದಂತೆ, ಮೂರು ವ್ಯಂಜನಗಳನ್ನು ಕೇಳಿಸಿ, ಕೂಡಲೇ ಒಂದು ಸಂಖ್ಯೆಯಿಂದ ಮೂರು ಮೂರಾಗಿ ಹಿಂದಕ್ಕೆ ಎಣಿಸಲು ಹಚ್ಚಿದರೆ 18 ಸೆಕೆಂಡುಗಳೊಳಗೆ ಆ ಅಕ್ಷರಗಳು ಬಹುಪಾಲು ಮರೆತೇಹೋಗುತ್ತವೆ. ಕೋಶಮಟ್ಟದಲ್ಲಿ ಕೆಲಸ ಮಾಡುವವರು ಅದೇ ಪದವನ್ನು ನಿಮಿಷಗಳಿಂದ ಕೆಲವು ಗಂಟೆಗಳವರೆಗೆ ಉಳಿಯುವ ನೆನಪಿಗೆ ಬಳಸುತ್ತಾರೆ. ಪಠ್ಯಪುಸ್ತಕಗಳು ಈ ಎರಡನ್ನೂ ಒಂದೇ ಚೌಕಕ್ಕೆ ತುಂಬುವುದರಿಂದ ಅರ್ಧ ಗೊಂದಲ ಅಲ್ಲೇ ಹುಟ್ಟುತ್ತದೆ. ನಾನು ಈಗ ಹೇಳಹೊರಟಿರುವುದು ಎರಡನೆಯ ಬಗೆಯದನ್ನು.

ಇದರ ಅತ್ಯಂತ ಸ್ಪಷ್ಟವಾದ ಚಿತ್ರಣ ಬಂದದ್ದು ಅಪ್ಲೀಸಿಯ ಎಂಬ ಕಡಲ ಜೀವಿಯಿಂದ. ಚಿಪ್ಪು ಹೊರಗೆ ಕಾಣದ, ಬಸವನಹುಳುವಿನ ಸಂಬಂಧಿ ಅದು. ಅದರ ಇಡೀ ನರವ್ಯೂಹದಲ್ಲಿರುವುದು ಸುಮಾರು 20,000 ನರಕೋಶಗಳು, ಅವುಗಳಲ್ಲಿ ಹಲವು ಬರಿಗಣ್ಣಿಗೇ ಕಾಣುವಷ್ಟು ದೊಡ್ಡವು. ಮೈಯನ್ನು ಮೆಲ್ಲಗೆ ಮುಟ್ಟಿದರೆ ಅದು ತನ್ನ ಕಿವಿರನ್ನು ಒಳಕ್ಕೆಳೆದುಕೊಳ್ಳುತ್ತದೆ. ಬಾಲಕ್ಕೆ ಒಮ್ಮೆ ವಿದ್ಯುತ್ ಆಘಾತ ಕೊಟ್ಟರೆ ಮುಂದಿನ ಕೆಲವು ನಿಮಿಷ ಅದೇ ಮೆಲುಸ್ಪರ್ಶಕ್ಕೂ ಜೋರಾಗಿ ಮುದುಡುತ್ತದೆ. ಬಿಡುವು ಕೊಟ್ಟು ಕೊಟ್ಟು ಹಲವು ಸಲ ಆಘಾತ ಕೊಟ್ಟರೆ ಆ ಬೆದರಿಕೆ ದಿನಗಟ್ಟಲೆ ಉಳಿಯುತ್ತದೆ. ಎರಿಕ್ ಕ್ಯಾಂಡೆಲ್ ಮತ್ತು ಸಂಗಡಿಗರು ಇವೆರಡರ ನಡುವಿನ ವ್ಯತ್ಯಾಸವನ್ನು ಅಣುಮಟ್ಟದವರೆಗೆ ಹಿಂಬಾಲಿಸಿದರು. 2000ನೆಯ ಇಸವಿಯ ನೊಬೆಲ್ ಪ್ರಶಸ್ತಿಯಲ್ಲಿ ಕ್ಯಾಂಡೆಲ್ ಅವರಿಗೆ ಪಾಲು ಸಿಕ್ಕಿದ್ದು ಈ ಕೆಲಸಕ್ಕೆ.

ಒಂದು ಆಘಾತದಿಂದ ಬಿಡುಗಡೆಯಾಗುವ ಸೆರೊಟೋನಿನ್ ಎಂಬ ರಾಸಾಯನಿಕ, ಸ್ಪರ್ಶವನ್ನು ಗ್ರಹಿಸುವ ನರಕೋಶದ ತುದಿಯಲ್ಲಿ ಸೈಕ್ಲಿಕ್ ಎಎಂಪಿ ಎಂಬ ಸಂದೇಶವಾಹಕವನ್ನು ಹೆಚ್ಚಿಸುತ್ತದೆ. ಅದು ಪ್ರೋಟೀನ್ ಕೈನೇಸ್ ಎ ಎಂಬ ಕಿಣ್ವವನ್ನು ಚುರುಕುಗೊಳಿಸುತ್ತದೆ, ಆ ಕಿಣ್ವ ಪೊಟ್ಯಾಸಿಯಂ ವಾಹಿನಿಗಳನ್ನು ಮುಚ್ಚುತ್ತದೆ. ಇದರಿಂದ ನರಸಂಕೇತ ಸ್ವಲ್ಪ ಹೆಚ್ಚು ಹೊತ್ತು ನಿಂತು, ಕ್ಯಾಲ್ಸಿಯಂ ಹೆಚ್ಚು ಒಳಬಂದು, ಮುಂದಿನ ಕೋಶಕ್ಕೆ ಗ್ಲುಟಮೇಟ್ ಎಂಬ ಸಂಕೇತ ಒಯ್ಯುವ ರಾಸಾಯನಿಕ ಹೆಚ್ಚು ಸುರಿಯುತ್ತದೆ. ಇಲ್ಲಿ ಹೊಸದಾಗಿ ಏನನ್ನೂ ಕಟ್ಟಿಲ್ಲ. ಇದ್ದ ಪ್ರೋಟೀನುಗಳೇ ಕೊಂಚ ಮಾರ್ಪಟ್ಟಿವೆ. ಆ ಮಾರ್ಪಾಡು ಅಳಿದಂತೆ ನೆನಪೂ ಅಳಿಯುತ್ತದೆ. ಆಘಾತ ಮರುಕಳಿಸಿದಾಗ ಮಾತ್ರ ಅದೇ ಕಿಣ್ವ ಕೋಶಕೇಂದ್ರದೊಳಕ್ಕೆ ಹೋಗಿ ಕ್ರೆಬ್ ಎಂಬ ಪ್ರೋಟೀನಿನ ಮೂಲಕ ಕೆಲವು ಜೀನ್‌ಗಳನ್ನು ಎಬ್ಬಿಸುತ್ತದೆ, ಹೊಸ ಪ್ರೋಟೀನುಗಳು ತಯಾರಾಗುತ್ತವೆ, ನರತುದಿಗಳಲ್ಲಿ ಹೊಸ ಸಿನಾಪ್ಸುಗಳು, ಎಂದರೆ ಒಂದು ಕೋಶ ಇನ್ನೊಂದಕ್ಕೆ ಸಂಕೇತ ದಾಟಿಸುವ ಸಂಪರ್ಕಗಳು, ಮೊಳೆಯುತ್ತವೆ. ದೀರ್ಘಕಾಲದ ತರಬೇತಿ ಪಡೆದ ಅಪ್ಲೀಸಿಯದ ಆ ನರಕೋಶಗಳಲ್ಲಿ ಇಂಥ ಸಂಪರ್ಕಗಳ ಸಂಖ್ಯೆ ಸುಮಾರು ಎರಡು ಪಟ್ಟಾಗಿರುವುದನ್ನು ಬೈಲಿ ಮತ್ತು ಚೆನ್ ಎಣಿಸಿ ತೋರಿಸಿದರು. ಪ್ರೋಟೀನ್ ತಯಾರಿಕೆಯನ್ನು ಔಷಧದಿಂದ ತಡೆದರೆ ನಿಮಿಷಗಳ ನೆನಪು ಎಂದಿನಂತೆ ಉಂಟಾಗುತ್ತದೆ, ದಿನಗಳ ನೆನಪು ಉಂಟಾಗುವುದಿಲ್ಲ. ದಾಟುವ ಗಳಿಗೆಯಲ್ಲಿ ಬದಲಾಗುವುದೇನು ಎಂಬುದಕ್ಕೆ ನನ್ನ ಉತ್ತರ ಇದು: ಜೀನ್‌ಗಳು ಎಚ್ಚರಗೊಳ್ಳುತ್ತವೆ, ಕೋಶದ ಆಕಾರವೇ ಬದಲಾಗುತ್ತದೆ.

ಸಸ್ತನಿಗಳಲ್ಲಿ ಇದಕ್ಕೆ ಸಮನಾದುದು 1973ರಲ್ಲಿ ಓಸ್ಲೋದಿಂದ ವರದಿಯಾಯಿತು. ಬ್ಲಿಸ್ ಮತ್ತು ಲೋಮೊ ಅರಿವಳಿಕೆ ಕೊಟ್ಟ ಮೊಲಗಳ ಹಿಪೊಕ್ಯಾಂಪಸ್ಸಿಗೆ ಹೋಗುವ ನರಮಾರ್ಗಕ್ಕೆ ಚುರುಕಾದ ವಿದ್ಯುತ್ ಸ್ಪಂದನಗಳ ಸರಣಿಯನ್ನು ಕೊಟ್ಟರು. ಅನಂತರ ಗಂಟೆಗಟ್ಟಲೆ ಆ ಸಂಪರ್ಕ ಮೊದಲಿಗಿಂತ ಬಲವಾಗಿಯೇ ಉಳಿಯಿತು. ಇದರ ಹಿಂದಿರುವ, ಪಡೆಯುವ ಕೋಶದ ಮೇಲ್ಮೈಯಲ್ಲಿ ಗ್ಲುಟಮೇಟನ್ನು ಹಿಡಿಯುವ ಎನ್‌ಎಂಡಿಎ ಗ್ರಾಹಕ ಎಂಬ ಅಣುವಿನ ಜಾಣತನವನ್ನು ತರಗತಿಯಲ್ಲಿ ಹೇಳಲೇಬೇಕು. ಸುಮ್ಮನಿರುವಾಗ ಅದರ ರಂಧ್ರವನ್ನು ಮೆಗ್ನೀಸಿಯಂ ಅಯಾನೊಂದು ಮುಚ್ಚಿರುತ್ತದೆ. ಕಳುಹಿಸುವ ಕೋಶ ಗ್ಲುಟಮೇಟ್ ಸುರಿಯಬೇಕು, ಅದೇ ಹೊತ್ತಿಗೆ ಪಡೆಯುವ ಕೋಶವೂ ಉದ್ರೇಕಗೊಂಡಿರಬೇಕು. ಎರಡೂ ಕೂಡಿಬಂದಾಗ ಮಾತ್ರ ಮೆಗ್ನೀಸಿಯಂ ಸರಿದು ಕ್ಯಾಲ್ಸಿಯಂ ಒಳನುಗ್ಗುತ್ತದೆ. ಒಟ್ಟಿಗೆ ನಡೆದ ಎರಡು ಸಂಗತಿಗಳನ್ನು ಮಿದುಳು ಒಂದಕ್ಕೊಂದು ಬೆಸೆಯುವುದು ಈ ಒಂದು ಅಣುವಿನ ಎರಡು ಷರತ್ತುಗಳ ಮೇಲೆ ನಿಂತಿದೆ. ಡೊನಾಲ್ಡ್ ಹೆಬ್ 1949ರಲ್ಲಿ ಬರೀ ತರ್ಕದಿಂದ ಊಹಿಸಿದ್ದೂ ಇಂಥದೇ ಒಂದು ವ್ಯವಸ್ಥೆಯನ್ನು.

ಹೊಸಗನ್ನಡಿಗ

ನರತಂತು ಅವರೇ, ಒಂದು ಅನುಮಾನ. ಪ್ರೋಟೀನುಗಳು ದಿನಗಳಲ್ಲೋ ವಾರಗಳಲ್ಲೋ ಸವೆದು ಬದಲಾಗುತ್ತಲೇ ಇರುತ್ತವೆ. ಹಾಗಿರುವಾಗ ಅವುಗಳಿಂದ ಕಟ್ಟಿದ ನೆನಪು 60 ವರ್ಷ ಹೇಗೆ ನಿಲ್ಲುತ್ತದೆ?

ನರತಂತು

ಈ ಪ್ರಶ್ನೆಯನ್ನು ಫ್ರಾನ್ಸಿಸ್ ಕ್ರಿಕ್ 1984ರಲ್ಲಿಯೇ ಎತ್ತಿದ್ದರು. ಅಣುಗಳು ಒಂದೊಂದಾಗಿ ಬದಲಾಗುತ್ತಿದ್ದರೂ ಗುಂಪಿನ ಸ್ಥಿತಿ ಕೆಡದ ಹಾಗೆ, ಉಳಿದ ಅಣುಗಳು ಹೊಸದಾಗಿ ಬಂದುದನ್ನು ತಮ್ಮಂತೆಯೇ ಮಾಡಿಕೊಳ್ಳುವ ವ್ಯವಸ್ಥೆಯಿರಬಹುದೆಂದು ಅವರ ಸೂಚನೆ. ಆಮೇಲೆ ಪಿಕೆಎಂ ಝೀಟಾ ಎಂಬ ಕಿಣ್ವವೇ ನೆನಪನ್ನು ಕಾಯುತ್ತದೆ ಎಂಬ ವಾದ 2006ರ ಹೊತ್ತಿಗೆ ಜೋರಾಗಿ ಕೇಳಿಬಂತು. 2013ರಲ್ಲಿ ಎರಡು ಗುಂಪುಗಳು ಆ ಜೀನ್ ಇಲ್ಲದ ಇಲಿಗಳಲ್ಲೂ ನೆನಪು ಚೆನ್ನಾಗಿಯೇ ಇರುವುದನ್ನು ತೋರಿಸಿದಾಗ ವಾದ ಮುಗಿಯಿತೆಂದು ಹಲವರು ಭಾವಿಸಿದರು. ಆದರೆ ಅಂಥ ಇಲಿಗಳಲ್ಲಿ ಸಂಬಂಧಿ ಕಿಣ್ವವೊಂದು ಆ ಜಾಗವನ್ನು ತುಂಬುತ್ತದೆ ಎಂಬ ಪ್ರತಿವಾದ ಬಂತು. 2024ರಲ್ಲಿ ಕಿಬ್ರಾ ಎಂಬ ಮತ್ತೊಂದು ಪ್ರೋಟೀನು ಈ ಕಿಣ್ವವನ್ನು ಬಲಗೊಂಡ ಸಿನಾಪ್ಸಿಗೇ ಅಂಟಿಸಿಡುತ್ತದೆ ಎಂಬ ವರದಿ ಪ್ರಕಟವಾಗಿ ವಾದಕ್ಕೆ ಮರಳಿ ಜೀವ ಬಂದಿದೆ. ನನ್ನ ಮಟ್ಟಿಗೆ ಯಾವುದೇ ಒಂದು ಅಣುವಿಗೆ ಈ ಹೊಣೆಯನ್ನು ಪೂರ್ತಿಯಾಗಿ ಹೊರಿಸುವುದು ಅವಸರದ ಮಾತು.

ಪೃಚ್ಛಕ

ಸೆಕೆಂಡುಗಳ ಲೆಕ್ಕದ ನೆನಪನ್ನು ನರತಂತು ಅವರು ಬದಿಗಿಟ್ಟಿರುವುದರಿಂದ ಅದನ್ನು ಕುರಿತು ನಾನು ಬರೆಯುತ್ತೇನೆ. ತರಗತಿಯಲ್ಲಿ ಎಚ್.ಎಂ. ಅವರ ಜೊತೆಗೆ ಕೆ.ಎಫ್. ಎಂಬ ಇನ್ನೊಬ್ಬ ರೋಗಿಯನ್ನೂ ಪರಿಚಯಿಸುವುದು ಒಳ್ಳೆಯದು. 1969ರಲ್ಲಿ ವಾರಿಂಗ್ಟನ್ ಮತ್ತು ಶ್ಯಾಲಿಸ್ ವಿವರಿಸಿದ ಈ ವ್ಯಕ್ತಿಗೆ ಮಿದುಳಿನ ಎಡಬದಿಯಲ್ಲಿ ಪೆಟ್ಟಾಗಿತ್ತು. ಕಿವಿಯಿಂದ ಕೇಳಿದ ಅಂಕಿಗಳಲ್ಲಿ ಒಂದೆರಡನ್ನು ಮಾತ್ರ ಅವರು ಹಿಂದಿರುಗಿ ಹೇಳಬಲ್ಲವರಾಗಿದ್ದರು, ಆದರೆ ಹೊಸ ಪದಜೋಡಿಗಳನ್ನು ಕಲಿತು ಬಹುಕಾಲ ನೆನಪಿಡುವುದರಲ್ಲಿ ಅವರಿಗೆ ತೊಂದರೆಯಿರಲಿಲ್ಲ. ಎಲ್ಲವೂ ಎರಡನೆಯ ಚೌಕವನ್ನು ಹಾದೇ ಮೂರನೆಯದಕ್ಕೆ ಹೋಗಬೇಕಾಗಿದ್ದರೆ ಇದು ಸಾಧ್ಯವೇ ಇರಲಿಲ್ಲ. ಬ್ಯಾಡಲಿ ಮತ್ತು ಹಿಚ್ 1974ರಲ್ಲಿ ಒಂದೇ ಚೌಕದ ಬದಲು ಧ್ವನಿಗೆ ಒಂದು, ದೃಶ್ಯಕ್ಕೆ ಒಂದು, ಇವುಗಳ ಮೇಲೆ ಗಮನವನ್ನು ಹಂಚುವ ಇನ್ನೊಂದು ಎಂದು ಭಾಗಗಳುಳ್ಳ ಕಾರ್ಯಸ್ಮೃತಿಯ ಮಾದರಿಯನ್ನು ಮುಂದಿಡಲು ಇಂಥ ರೋಗಿಗಳೂ ಒಂದು ಕಾರಣ.

ಎಚ್.ಎಂ. ಅವರನ್ನು ವರ್ಷಗಟ್ಟಲೆ ಪರೀಕ್ಷಿಸಿದ ಮಾಂಟ್ರಿಯಲ್‌ನ ಬ್ರೆಂಡಾ ಮಿಲ್ನರ್ ದಾಖಲಿಸಿದ ಒಂದು ಸಂಗತಿ ನನಗೆ ಬಹಳ ಇಷ್ಟ. 584 ಎಂಬ ಸಂಖ್ಯೆಯನ್ನು ನೆನಪಿಟ್ಟುಕೊಳ್ಳಲು ಹೇಳಿ ಅವರನ್ನು ಸುಮಾರು ಕಾಲು ಗಂಟೆ ಅವರ ಪಾಡಿಗೆ ಬಿಟ್ಟಾಗಲೂ ಅವರು ಅದನ್ನು ತಪ್ಪಿಲ್ಲದೆ ಹೇಳಿದರು. ಹೇಗೆಂದು ಕೇಳಿದ್ದಕ್ಕೆ ಅವರು ಕೊಟ್ಟ ವಿವರಣೆಯ ಸಾರ ಹೀಗಿತ್ತು: ಐದು, ಎಂಟು, ನಾಲ್ಕು ಕೂಡಿದರೆ 17, ಎಂಟನ್ನು ನೆನಪಿಟ್ಟುಕೊಂಡು 17ರಿಂದ ಕಳೆದರೆ 9, ಅದನ್ನು ಒಡೆದರೆ 5 ಮತ್ತು 4. ಕಾಲು ಗಂಟೆಯುದ್ದಕ್ಕೂ ಮನಸ್ಸಿನಲ್ಲಿ ಈ ಲೆಕ್ಕವನ್ನು ತಿರುಗಿಸುತ್ತಲೇ ಇದ್ದರು. ಒಂದು ನಿಮಿಷ ಗಮನ ಬೇರೆಡೆಗೆ ಹೊರಳಿತು, ಸಂಖ್ಯೆ ಮಾತ್ರವಲ್ಲ, ತನಗೊಂದು ಸಂಖ್ಯೆ ಕೊಟ್ಟಿದ್ದರೆಂಬುದೂ ಅವರಿಗೆ ಮರೆತಿತ್ತು. ಅಲ್ಪಾವಧಿ ನೆನಪು ಚಟುವಟಿಕೆಯ ಸ್ಥಿತಿ ಎಂಬ ಮಾತಿಗೆ ಇದಕ್ಕಿಂತ ನೇರವಾದ ಸಾಕ್ಷ್ಯ ಸಿಗುವುದು ಕಷ್ಟ. ಫುಸ್ಟರ್ ಮತ್ತು ಅಲೆಕ್ಸಾಂಡರ್ 1971ರಲ್ಲಿ ಕೋತಿಗಳ ಹಣೆಯ ಹಿಂದಿನ ಮಿದುಳಿನಲ್ಲಿ ಇದನ್ನೇ ಕಂಡರು: ಆಹಾರವನ್ನು ಎಲ್ಲಿ ಬಚ್ಚಿಟ್ಟಿದ್ದಾರೆಂದು ನೋಡಿದ ಕೋತಿಯನ್ನು ಕಾಯಿಸಿದಷ್ಟು ಹೊತ್ತೂ ಅಲ್ಲಿನ ಕೆಲವು ನರಕೋಶಗಳು ಮಿಡಿಯುತ್ತಲೇ ಇರುತ್ತಿದ್ದವು.

ಈ ಕಿರಿದಾದ ಜಾಗದಲ್ಲಿ ಎಷ್ಟು ಹಿಡಿಸುತ್ತದೆ? ಜಾರ್ಜ್ ಮಿಲ್ಲರ್ 1956ರಲ್ಲಿ ಏಳರ ಆಸುಪಾಸು ಎಂದರು. ಮನನಕ್ಕೆ ಆಸ್ಪದವಿಲ್ಲದಂತೆ ಅಳೆದರೆ ನಾಲ್ಕರ ಸುಮಾರು ಎಂದು ಕೋವನ್ 2001ರಲ್ಲಿ ವಾದಿಸಿದರು. ಕನ್ನಡದಲ್ಲಿ ಅಷ್ಟಾವಧಾನಗಳನ್ನು ಕಂಡವರಿಗೆ ಇಲ್ಲೊಂದು ಪ್ರಶ್ನೆ ಏಳುವುದು ಸಹಜ. ಸಮಸ್ಯಾಪೂರಣ, ದತ್ತಪದಿ, ನಿಷೇಧಾಕ್ಷರಿ ಎಂದು ಪೃಚ್ಛಕರು ಒಬ್ಬೊಬ್ಬರಾಗಿ ಒಡ್ಡುವ ಸವಾಲುಗಳಿಗೆ ಅವಧಾನಿಗಳು ಸುತ್ತಿಗೊಂದು ಪಾದದಂತೆ ಪದ್ಯ ಕಟ್ಟುತ್ತ, ನಡುವೆ ಅಪ್ರಸ್ತುತ ಪ್ರಸಂಗದವರ ಕೀಟಲೆಗೆ ಉತ್ತರಿಸುತ್ತ, ಕೊನೆಗೆ ಧಾರಣೆಯಲ್ಲಿ ಎಲ್ಲ ಪದ್ಯಗಳನ್ನೂ ಪೂರ್ತಿಯಾಗಿ ಒಪ್ಪಿಸುತ್ತಾರೆ. ನಾಲ್ಕು ತುಣುಕಿನ ಜಾಗದಲ್ಲಿ ಇದು ನಡೆಯಲಾರದು.

ಇದಕ್ಕೆ ನನಗೆ ತೃಪ್ತಿ ಕೊಟ್ಟ ಉತ್ತರ ಸಿಕ್ಕಿದ್ದು ಎರಿಕ್‌ಸನ್, ಚೇಸ್ ಮತ್ತು ಫಲೂನ್ 1980ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ. ಎಸ್.ಎಫ್. ಎಂಬ ಸಾಮಾನ್ಯ ನೆನಪಿನ ಶಕ್ತಿಯ ಕಾಲೇಜು ವಿದ್ಯಾರ್ಥಿ ಒಂದೂವರೆ ವರ್ಷಕ್ಕೂ ಹೆಚ್ಚು ಕಾಲ ಅಭ್ಯಾಸ ಮಾಡಿ, ಒಮ್ಮೆ ಕೇಳಿದ 79 ಅಂಕಿಗಳನ್ನು ಕ್ರಮ ತಪ್ಪದೆ ಹೇಳುವ ಮಟ್ಟಕ್ಕೇರಿದ. ಅವನು ದೂರದೋಟದ ಓಟಗಾರ. ಮೂರು ನಾಲ್ಕು ಅಂಕಿಗಳ ಗುಂಪನ್ನು ಇಷ್ಟು ಮೈಲಿಗೆ ಇಷ್ಟು ಸಮಯ ಎಂದು ತನಗೆ ಮೊದಲೇ ಗೊತ್ತಿದ್ದ ಓಟಗಳ ದಾಖಲೆಗೆ ಜೋಡಿಸುತ್ತಿದ್ದ. ಅಂಕಿಯ ಬದಲು ಅಕ್ಷರ ಕೊಟ್ಟಾಗ ಅವನ ಸಾಮರ್ಥ್ಯ ಮತ್ತೆ ಆರರ ಸುಮಾರಿಗೆ ಇಳಿಯಿತು. ಎಂದರೆ ಜಾಗ ಹಿಗ್ಗಿರಲಿಲ್ಲ; ದೀರ್ಘಾವಧಿಯಲ್ಲಿ ಗಟ್ಟಿಯಾಗಿದ್ದ ಜ್ಞಾನ ಕ್ಷಣದ ನೆನಪಿಗೆ ಆಸರೆಯಾಗಿತ್ತು. ಅವಧಾನಿಗಳಿಗೆ ಛಂದಸ್ಸು, ಪ್ರಾಸ ಮತ್ತು ಕಾವ್ಯಪರಂಪರೆಯ ಪದಸಂಪತ್ತು ಇದೇ ಬಗೆಯ ಆಸರೆ ಎಂಬುದು ನನ್ನ ಅಭಿಪ್ರಾಯ. ಗತಿ ಗೊತ್ತಿದ್ದವರಿಗೆ ಒಂದು ಪಾದ ಒಂದೇ ತುಣುಕು. ಹಲಗೆಯ ಮೇಲಿನ ಬಾಣವನ್ನು ಮೂರನೆಯ ಚೌಕದಿಂದ ಎರಡನೆಯದಕ್ಕೆ ಹಿಂದಕ್ಕೂ ಎಳೆಯಬೇಕೆಂದು ನಾನು ಒತ್ತಿ ಹೇಳುವುದು ಇದಕ್ಕಾಗಿ.

ತುಂಗಾತೀರ

ಇಬ್ಬರಿಗೂ ಕೃತಜ್ಞತೆಗಳು. ಕೆ.ಎಫ್. ಅವರ ವಿಷಯವನ್ನು ಖಂಡಿತ ಪಾಠದಲ್ಲಿ ಸೇರಿಸಿಕೊಳ್ಳುತ್ತೇನೆ. ಆದರೆ ಮೂಲಪ್ರಶ್ನೆಯ ಅರ್ಧ ಇನ್ನೂ ಉಳಿದಿದೆ. ನೆನಪೆಂದರೆ ಸಂಪರ್ಕಗಳ ಬದಲಾವಣೆ ಎಂದು ಒಪ್ಪೋಣ. ಎಚ್.ಎಂ. ಅವರ ಬಾಲ್ಯದ ಸಂಪರ್ಕಗಳು ಹಿಪೊಕ್ಯಾಂಪಸ್ಸಿನಿಂದ ಹೊರಗೆ, ಮಿದುಳಿನ ಹೊರಪದರವಾದ ಕಾರ್ಟೆಕ್ಸಿನಲ್ಲಿ ಇದ್ದುವೆಂದಾದರೆ, ಮೊದಲಿನಿಂದಲೂ ಅಲ್ಲಿಯೇ ಇದ್ದುವೋ, ಆಮೇಲೆ ಅಲ್ಲಿಗೆ ಹೋದುವೋ? ಮೊದಲಿನಿಂದಲೂ ಇದ್ದರೆ ಹಿಪೊಕ್ಯಾಂಪಸ್ಸಿಗೆ ಕೆಲಸವೇನು?

ನರತಂತು

ಕೆಲಸವಿದೆ. ಒಂದು ಮದುವೆಯ ಊಟದ ನೆನಪನ್ನು ತೆಗೆದುಕೊಳ್ಳಿ: ಕಂಡದ್ದು ದೃಶ್ಯದ ಕಾರ್ಟೆಕ್ಸಿನಲ್ಲಿ, ಓಲಗದ ಸದ್ದು ಶ್ರವಣದ ಕಾರ್ಟೆಕ್ಸಿನಲ್ಲಿ, ರುಚಿ ಮತ್ತೊಂದರಲ್ಲಿ ಎಂದು ಅನುಭವ ಮೊದಲೇ ಚದುರಿದೆ. ಈ ದೂರದೂರದ ಭಾಗಗಳ ನಡುವೆ ನೇರ ಸಂಪರ್ಕಗಳು ಕಡಿಮೆ, ಅವು ಬಲಗೊಳ್ಳುವುದೂ ನಿಧಾನ. ಟೈಲರ್ ಮತ್ತು ಡಿಸೆನ್ನಾ 1986ರಲ್ಲಿ ಮಂಡಿಸಿದ ಸಿದ್ಧಾಂತದ ಪ್ರಕಾರ ಹಿಪೊಕ್ಯಾಂಪಸ್ ಪುಸ್ತಕದ ಕೊನೆಯಲ್ಲಿರುವ ಪದಸೂಚಿಯ ಹಾಗೆ. ವಿಷಯ ಅದರಲ್ಲಿಲ್ಲ, ಯಾವ ಯಾವ ಪುಟಗಳು ಒಂದೇ ವಿಷಯಕ್ಕೆ ಸೇರಿದವೆಂಬ ಗುರುತು ಮಾತ್ರ ಅದರಲ್ಲಿದೆ. ಆ ಗುರುತಿನ ಒಂದು ತುದಿ ಹೊತ್ತಿಕೊಂಡರೆ ಚದುರಿದ ಭಾಗಗಳೆಲ್ಲ ಒಟ್ಟಿಗೆ ಎಚ್ಚರಗೊಳ್ಳುತ್ತವೆ. ಹೀಗೆ ಮತ್ತೆ ಮತ್ತೆ ಒಟ್ಟಿಗೆ ಎಚ್ಚರಗೊಂಡು ಆ ಭಾಗಗಳು ತಮ್ಮತಮ್ಮಲ್ಲೇ ಬೆಸೆದುಕೊಂಡ ಮೇಲೆ ಸೂಚಿಯ ಅಗತ್ಯ ಕಡಿಮೆಯಾಗುತ್ತದೆ.

ಈ ಮರುಕಳಿಕೆಯ ಒಂದು ಮುಖ್ಯ ಹೊತ್ತು ನಿದ್ದೆ. ಜಾನ್ ಓಕೀಫ್ 1971ರಲ್ಲಿ ಇಲಿಗಳ ಹಿಪೊಕ್ಯಾಂಪಸ್ಸಿನಲ್ಲಿ, ಪ್ರಾಣಿ ಒಂದು ನಿರ್ದಿಷ್ಟ ಜಾಗದಲ್ಲಿದ್ದಾಗ ಮಾತ್ರ ಮಿಡಿಯುವ ನರಕೋಶಗಳನ್ನು ಗುರುತಿಸಿದ್ದರು. ಎಚ್ಚರವಾಗಿ ಓಡಾಡುವಾಗ ಒಟ್ಟಾಗಿ ಮಿಡಿದ ಅಂಥ ಕೋಶಗಳು ಅನಂತರದ ಗಾಢನಿದ್ದೆಯಲ್ಲಿಯೂ ಒಟ್ಟಾಗಿ ಮಿಡಿಯುವುದನ್ನು ವಿಲ್ಸನ್ ಮತ್ತು ಮ್ಯಾಕ್‌ನಾಟನ್ 1994ರಲ್ಲಿ ವರದಿ ಮಾಡಿದರು. ಈ ಮಿಡಿತಗಳು ಬರುವ ಹೊತ್ತಿನ ಚುರುಕಾದ ವಿದ್ಯುತ್ ಅಲೆಗಳನ್ನು ಮಾತ್ರ ನಿದ್ದೆಯಲ್ಲಿ ಆರಿಸಿ ಆರಿಸಿ ತಡೆದಾಗ ಇಲಿಗಳ ಕಲಿಕೆ ಹಿಂದೆ ಬಿದ್ದಿತೆಂಬುದು 2009ರ ಪ್ರಯೋಗಗಳಿಂದ ತಿಳಿಯಿತು. ರಾತ್ರಿಯೆಲ್ಲ ನಿದ್ದೆಗೆಟ್ಟು ಓದುವ ನಮ್ಮ ಮಕ್ಕಳಿಗೆ ಇದನ್ನು ಹೇಳಿದರೆ ಯಾರೂ ನಂಬುವುದಿಲ್ಲ, ಅದು ಬೇರೆ ಮಾತು.

ಇನ್ನು ನಿಮ್ಮ ‘ಮೊದಲೋ ಆಮೇಲೋ’ ಎಂಬ ಪ್ರಶ್ನೆಗೆ ಅಮೆರಿಕದ ಎಂಐಟಿಯಲ್ಲಿರುವ ಸುಸುಮು ಟೊನೆಗವಾ ಅವರ ಪ್ರಯೋಗಾಲಯದಿಂದ ಬಂದ ಉತ್ತರ ಅಚ್ಚರಿ ಹುಟ್ಟಿಸುವಂಥದು. ಇಲಿಯೊಂದು ಪೆಟ್ಟಿಗೆಯೊಳಗೆ ವಿದ್ಯುತ್ ಆಘಾತಕ್ಕೆ ಹೆದರಿದ ಹೊತ್ತಿನಲ್ಲಿ ಹಿಪೊಕ್ಯಾಂಪಸ್ಸಿನ ಯಾವ ಕೋಶಗಳು ಚುರುಕಾಗಿದ್ದವೋ ಅವುಗಳಿಗೆ ಮಾತ್ರ, ಬೆಳಕು ಬಿದ್ದರೆ ಮಿಡಿಯುವ ಪ್ರೋಟೀನನ್ನು ಅವರು ಸೇರಿಸಿದರು. ಬೇರೆಯೇ ಪೆಟ್ಟಿಗೆಯಲ್ಲಿ ನಿಶ್ಚಿಂತೆಯಿಂದಿದ್ದ ಅದೇ ಇಲಿಯ ಆ ಕೋಶಗಳಿಗೆ ಬೆಳಕು ಹಾಯಿಸಿದಾಗ ಅದು ಹೆದರಿ ಮರಗಟ್ಟಿ ನಿಂತಿತು. ಇದು 2012ರ ಮಾತು. 2017ರಲ್ಲಿ ಕಿಟಮುರಾ ಮತ್ತು ಸಂಗಡಿಗರು ಇನ್ನೂ ಮುಂದೆ ಹೋದರು. ಹೆದರಿದ ಮೊದಲ ದಿನವೇ ಹಣೆಯ ಹಿಂದಿನ ಪ್ರಿಫ್ರಂಟಲ್ ಕಾರ್ಟೆಕ್ಸಿನಲ್ಲಿಯೂ ಆ ನೆನಪಿನ ಕೋಶಗಳು ಗೊತ್ತಾಗಿರುತ್ತವೆ, ಆದರೆ ಅವು ಮೌನವಾಗಿರುತ್ತವೆ. ಬೆಳಕಿನಿಂದ ಎಬ್ಬಿಸಬಹುದು, ಪರಿಚಿತ ಪೆಟ್ಟಿಗೆಯನ್ನು ಕಂಡಾಗ ತಾವಾಗಿ ಏಳುವುದಿಲ್ಲ. ಮುಂದಿನ ವಾರಗಳಲ್ಲಿ, ಹಿಪೊಕ್ಯಾಂಪಸ್ಸಿನ ನೆರವು ದೊರೆತರೆ, ಅವು ಬಲಿಯುತ್ತವೆ, ಆ ಹೊತ್ತಿಗೆ ಹಿಪೊಕ್ಯಾಂಪಸ್ಸಿನ ಕೋಶಗಳೇ ಮೌನಕ್ಕೆ ಸರಿಯುತ್ತವೆ. ಕಾರ್ಟೆಕ್ಸಿನ ಬರಹ ಮೊದಲ ದಿನವೇ ಬಿದ್ದಿರುತ್ತದೆ, ಓದಲು ಬರುವಂತಾಗುವುದು ವಾರಗಳ ನಂತರ.

ಯಲಹಂಕದವಳು

ಪರೀಕ್ಷೆಯ ಮಾತು ಬಂದುದರಿಂದ ನಮ್ಮ ಬೆಂಗಳೂರಿನದೇ ಒಂದು ಅಧ್ಯಯನವನ್ನು ಇಲ್ಲಿ ಸೇರಿಸುತ್ತೇನೆ. ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಸುಮಂತ್ರ ಚಟರ್ಜಿ ಮತ್ತು ನಿಮ್ಹಾನ್ಸ್‌ನ ಬಿ.ಎಸ್. ಶಂಕರನಾರಾಯಣ ರಾವ್ ಮೊದಲಾದವರು 2002ರಲ್ಲಿ ಪ್ರಕಟಿಸಿದ ಲೇಖನವದು. ಇಲಿಗಳನ್ನು ದಿನಕ್ಕೆ 2 ಗಂಟೆಯಂತೆ 10 ದಿನ ಅಲುಗಾಡದಂತೆ ಕಟ್ಟಿಟ್ಟಾಗ ಹಿಪೊಕ್ಯಾಂಪಸ್ಸಿನ ಒಂದು ಭಾಗದ ನರಕೋಶಗಳ ಕವಲುಗಳು ಕುಗ್ಗಿದವು, ಭಯಕ್ಕೆ ಸಂಬಂಧಿಸಿದ ಅಮಿಗ್ಡಲದ ನರಕೋಶಗಳ ಕವಲುಗಳು ಮಾತ್ರ ಇನ್ನಷ್ಟು ಚಾಚಿಕೊಂಡವು. ಒತ್ತಡ ಮಿದುಳನ್ನು ಎಲ್ಲೆಡೆ ಒಂದೇ ಸಮನೆ ಬಾಡಿಸುತ್ತದೆ ಎಂಬ ಸರಳ ಗ್ರಹಿಕೆ ಇದರಿಂದ ಮುರಿಯಿತು. ಅತಿ ಒತ್ತಡದಲ್ಲಿ ಓದಿದವರಿಗೆ ಓದಿದ್ದು ಮರೆತು, ಓದುವಾಗಿನ ಹೆದರಿಕೆ ಉಳಿದುಕೊಳ್ಳುವುದನ್ನು ಅರ್ಥ ಮಾಡಿಕೊಳ್ಳಲು ಇದು ನೆರವಾಗುತ್ತದೆ, ಆದರೆ ಇಲಿಯಿಂದ ವಿದ್ಯಾರ್ಥಿಗೆ ನೇರವಾಗಿ ಜಿಗಿಯಬಾರದು.

ಶರಧಿ

ನಾನು ನರರೋಗ ವಿಭಾಗದಲ್ಲಿ ಕೆಲಸ ಮಾಡುವ ವೈದ್ಯೆ. ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದವರಲ್ಲಿ ಬಹಳ ಜನಕ್ಕೆ ಪೆಟ್ಟಾದ ಗಳಿಗೆಯೂ ಅದರ ಹಿಂದಿನ ಕೆಲವು ನಿಮಿಷಗಳೂ ಕೊನೆಯವರೆಗೂ ಮರಳುವುದಿಲ್ಲ. ಆ ನಿಮಿಷಗಳಲ್ಲಿ ಅವರು ಎಚ್ಚರವಾಗಿಯೇ ಇದ್ದರು, ರಸ್ತೆಯನ್ನು ನೋಡುತ್ತಲೂ ಇದ್ದರು. ಕಂಡದ್ದು ಗಟ್ಟಿಗೊಳ್ಳುವ ಕೆಲಸ ಮಾತ್ರ ನಡುವೆ ನಿಂತುಹೋಯಿತು. ಹಳೆಯ ನೆನಪಿಗಿಂತ ಹೊಸದು ಸುಲಭವಾಗಿ ಅಳಿಯುತ್ತದೆ ಎಂಬುದನ್ನು ಫ್ರಾನ್ಸಿನ ರಿಬೋ 1881ರಲ್ಲಿಯೇ ನಿಯಮವೆಂಬಂತೆ ಬರೆದಿದ್ದರು. ಆಲ್ಜೈಮರ್ ಕಾಯಿಲೆಯ ಆರಂಭದಲ್ಲಿ ಬೆಳಗಿನ ತಿಂಡಿ ಮರೆತು ಹೋಗಿ ಶಾಲೆಯ ದಿನಗಳು ಉಳಿಯುವುದಕ್ಕೂ, ಆ ಕಾಯಿಲೆ ಹಿಪೊಕ್ಯಾಂಪಸ್ಸಿನ ಹೆಬ್ಬಾಗಿಲಾದ ಎಂಟೊರೈನಲ್ ಕಾರ್ಟೆಕ್ಸಿನ ಸುತ್ತ ಮೊದಲು ಕೈಹಾಕುವುದಕ್ಕೂ ಸಂಬಂಧವಿದೆ. ಎಚ್.ಎಂ. ಅವರಿಗೂ ಶಸ್ತ್ರಚಿಕಿತ್ಸೆಯ ಹಿಂದಿನ ಕೆಲವು ವರ್ಷಗಳ ನೆನಪು ಮಸುಕಾಗಿತ್ತು.

ಇಲ್ಲಿ ಯಾರೂ ಹೇಳದ ಒಂದು ಸಂಗತಿಯನ್ನು ವಿದ್ಯಾರ್ಥಿಗಳಿಗೆ ತಿಳಿಸುವುದು ಒಳ್ಳೆಯದು. ಕನ್ನಡಿಯಲ್ಲಿ ಮಾತ್ರ ಕಾಣುವ ನಕ್ಷತ್ರದ ಅಂಚನ್ನು ಪೆನ್ಸಿಲಿನಿಂದ ತಿದ್ದುವ ಕೆಲಸವನ್ನು ಮಿಲ್ನರ್ ಎಚ್.ಎಂ. ಅವರಿಂದ ಮೂರು ದಿನ ಮಾಡಿಸಿದರು. ದಿನದಿಂದ ದಿನಕ್ಕೆ ಅವರ ತಪ್ಪುಗಳು ಕಡಿಮೆಯಾದವು, ಆದರೆ ಈ ಕೆಲಸವನ್ನು ಹಿಂದೆ ಮಾಡಿದ್ದೇನೆಂಬ ಅರಿವು ಅವರಿಗಿರಲಿಲ್ಲ. ಕೈಗೆ ಕೂಡಿಬರುವ ಕೌಶಲಕ್ಕೆ ಬೇಸಲ್ ಗ್ಯಾಂಗ್ಲಿಯ, ಸೆರೆಬೆಲ್ಲಮ್ ಮುಂತಾದ ಬೇರೆ ಭಾಗಗಳು ಸಾಕು. ಹಾಗಾಗಿ ದೀರ್ಘಾವಧಿ ನೆನಪಿಗೆ ಒಂದೇ ಚೌಕ ಬರೆಯುವುದೂ ಸರಿಯಲ್ಲ.

ಈಗ ತುಂಗಾತೀರ ಅವರ ಪ್ರಶ್ನೆಯ ಬುಡಕ್ಕೆ ಬರುತ್ತೇನೆ. ಬಾಲ್ಯದ ನೆನಪು ಉಳಿದಿತ್ತು ಎಂಬುದನ್ನು ನಾವೆಲ್ಲ ಪ್ರಶ್ನಿಸದೆ ಒಪ್ಪಿಕೊಂಡು ಮಾತನಾಡುತ್ತಿದ್ದೇವೆ. ಸುಝನ್ ಕಾರ್ಕಿನ್ ಅವರ ತಂಡ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದು ನಿರ್ದಿಷ್ಟ ದಿನ, ಜಾಗ, ಅಲ್ಲಿ ಕಂಡದ್ದು, ಅನಿಸಿದ್ದು ಇವೆಲ್ಲ ಕೂಡಿದ ಘಟನೆಗಳನ್ನು ಹೇಳುವಂತೆ ಎಚ್.ಎಂ. ಅವರನ್ನು ಬಿಡಿಸಿ ಬಿಡಿಸಿ ಕೇಳಲಾಯಿತು. ತಂದೆ ತಾಯಿ ಯಾರು, ಎಲ್ಲಿ ಓದಿದೆ, ರಜೆಗೆ ಎಲ್ಲಿಗೆ ಹೋಗುತ್ತಿದ್ದೆವು ಎಂಬುದೆಲ್ಲ ಅವರಿಗೆ ಗೊತ್ತಿತ್ತು. ಕಣ್ಣಮುಂದೆ ಮತ್ತೆ ನಡೆದಂತೆ ಹೇಳಬಲ್ಲ ಪ್ರಸಂಗಗಳು ಮಾತ್ರ ತೀರ ವಿರಳವಾಗಿದ್ದವು. ಅಂಥ ವಿರಳ ಪ್ರಸಂಗಗಳಲ್ಲಿ 13ರ ವಯಸ್ಸಿನಲ್ಲಿ ಪುಟ್ಟ ವಿಮಾನವೊಂದರಲ್ಲಿ ಹಾರಿದ್ದು ಒಂದು. ಘಟನೆಯ ಜೀವಂತ ವಿವರಕ್ಕೆ ಹಿಪೊಕ್ಯಾಂಪಸ್ ಎಂದೆಂದಿಗೂ ಬೇಕು, ಅದರಿಂದ ಬಿಡುಗಡೆ ಹೊಂದಿ ಕಾರ್ಟೆಕ್ಸಿನಲ್ಲಿ ನಿಲ್ಲುವುದು ಘಟನೆಯ ಸಾರಾಂಶ ಮಾತ್ರ ಎಂದು ನಾಡೆಲ್ ಮತ್ತು ಮಾಸ್ಕೊವಿಚ್ 1997ರಿಂದ ವಾದಿಸುತ್ತ ಬಂದಿದ್ದರು. ಈ ಫಲಿತಾಂಶ ಅವರ ಪಕ್ಷಕ್ಕೆ ಬಲ ಕೊಟ್ಟಿತು. ಲ್ಯಾರಿ ಸ್ಕ್ವೈರ್ ಅವರ ಗುಂಪು ಇದನ್ನು ಒಪ್ಪಲಿಲ್ಲ. ಹಾನಿ ಹಿಪೊಕ್ಯಾಂಪಸ್ಸಿಗಷ್ಟೇ ಸೀಮಿತವಾದ ರೋಗಿಗಳು ಬಾಲ್ಯದ ಪ್ರಸಂಗಗಳನ್ನು ಆರೋಗ್ಯವಂತರಷ್ಟೇ ವಿವರವಾಗಿ ಹೇಳಿದರೆಂದೂ, ಹಾನಿ ಕಾರ್ಟೆಕ್ಸಿಗೂ ಹಬ್ಬಿದವರಲ್ಲಿ ಮಾತ್ರ ಆ ಶಕ್ತಿ ಕುಂದಿತೆಂದೂ ಅವರು ತಮ್ಮ ರೋಗಿಗಳನ್ನು ಮುಂದಿಟ್ಟು ತೋರಿಸಿದರು.

ಎಂದಮೇಲೆ ಎಚ್.ಎಂ. ಅವರ ಮಿದುಳಿನಲ್ಲಿ ನಿಖರವಾಗಿ ಎಷ್ಟು ಹೋಗಿತ್ತು, ಎಷ್ಟು ಉಳಿದಿತ್ತು ಎಂಬುದೇ ವಾದದ ಕೇಂದ್ರವಾಗುತ್ತದೆ. ಅವರು ತೀರಿಕೊಂಡ ಮೇಲೆ, 2009ರಲ್ಲಿ, ಸ್ಯಾನ್ ಡಿಯೇಗೋದಲ್ಲಿ ಜಾಕೊಪೊ ಅನ್ನೇಸೆ ಅವರ ತಂಡ ಆ ಮಿದುಳನ್ನು ಹೆಪ್ಪುಗಟ್ಟಿಸಿ 2,401 ತೆಳುಪದರಗಳಾಗಿ ಸೀಳಿತು. 2014ರಲ್ಲಿ ಪ್ರಕಟವಾದ ಆ ಪರೀಕ್ಷೆಯ ಪ್ರಕಾರ ಹಿಪೊಕ್ಯಾಂಪಸ್ಸಿನ ಹಿಂಭಾಗದ ಗಣನೀಯ ಅಂಶ ಎರಡೂ ಬದಿಯಲ್ಲಿ ಉಳಿದೇ ಇತ್ತು. ಅದಕ್ಕೆ ಸುದ್ದಿ ತಲುಪಿಸುವ ಎಂಟೊರೈನಲ್ ಕಾರ್ಟೆಕ್ಸ್ ಬಹುಪಾಲು ಹೋಗಿದ್ದುದರಿಂದ ಆ ಉಳಿಕೆಯಿಂದ ಹೆಚ್ಚಿನ ಉಪಯೋಗವಿದ್ದಿರಲಾರದು. ಎಡಬದಿಯಲ್ಲಿ ಕಣ್ಣಿನ ಮೇಲ್ಭಾಗದ ಕಾರ್ಟೆಕ್ಸಿನಲ್ಲಿಯೂ ಒಂದು ಚಿಕ್ಕ ಗಾಯದ ಗುರುತು ಸಿಕ್ಕಿತು. ತರಗತಿಯಲ್ಲಿ ‘ಹಿಪೊಕ್ಯಾಂಪಸ್ ಇಲ್ಲದ ಮನುಷ್ಯ’ ಎನ್ನುವ ಬದಲು ‘ಹಿಪೊಕ್ಯಾಂಪಸ್ಸಿನ ಮುಂಭಾಗವನ್ನೂ ಅದಕ್ಕೆ ಹೋಗುವ ದಾರಿಯನ್ನೂ ಕಳೆದುಕೊಂಡ ಮನುಷ್ಯ’ ಎಂದು ಹೇಳಿ, ಆಮೇಲೆ ಆ ವಿದ್ಯಾರ್ಥಿನಿಯ ಪ್ರಶ್ನೆಯನ್ನು ಮತ್ತೆ ಕೇಳಿಸಿ ನೋಡಿ.